ಗಂಡನ ಆಧಾರ್ ಇಲ್ಲದಿದ್ದರೂ ಅಂಗನವಾಡಿಗೆ ಹೋಗಿ

ಮಲ್ಪೆಯಲ್ಲಿ ಒಬ್ಬರೇ ಇದ್ದೀರಿ, ಐದು ತಿಂಗಳ ಮಗುವಿನ ತೂಕ ಏರುತ್ತಿಲ್ಲ, ಗಂಡನ ಕಾಗದಪತ್ರ ಇಲ್ಲದೆ ಏನಾದರೂ ಸಿಗುತ್ತದಾ ಅಂತ ಕೇಳಿದ್ದೀರಿ ಅಲ್ವಾ ಅಕ್ಕ? ಸಿಗುತ್ತದೆ. ತಾಯಿ ಕಾರ್ಡ್ ಹಿಡಿದು ನಾಳೆಯೇ ಅಂಗನವಾಡಿಗೆ ಹೋಗಿ. ಹೆರಿಗೆಯಾದ 6 ತಿಂಗಳವರೆಗೆ ಮಾತೃಪೂರ್ಣದ ಊಟ, ಅಂದರೆ ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಕೊಡುವ ಊಟ, ನಿಮಗುಂಟು. ಆಮೇಲೆ ಮಗುವಿಗೆ 3 ವರ್ಷದವರೆಗೆ ಮನೆಗೆ ಒಯ್ಯುವ ಆಹಾರ.

ಮೊದಲ ಮಗು, ಬಿಪಿಎಲ್ ಕಾರ್ಡ್ ಇದೆ ಅಂದರೆ ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಯ 5,000 ರೂಪಾಯಿಗೂ ಅರ್ಜಿ ಹಾಕಿ. ಹೆರಿಗೆಯಾಗಿ 270 ದಿನ ದಾಟಬಾರದು. 2022ರ ಹೊಸ ನಿಯಮದಲ್ಲಿ ಗಂಡನ ಆಧಾರ್ ಕಡ್ಡಾಯವಲ್ಲ. ನನ್ನ ತಂಗಿಯನ್ನು ಒಂದು ಕಡೆ ಇದಕ್ಕೇ ಸುಮ್ನೆ ಮೂರು ಸಲ ಅಲೆಸಿದ್ದರು ಮಾರಾಯ್ರೆ! ನೀವು ಗಟ್ಟಿಯಾಗಿ ಕೇಳಿ.

ತೂಕದ ವಿಷಯ ಮಾತ್ರ ಈ ವಾರವೇ ಡಾಕ್ಟರಿಗೆ ತೋರಿಸಿ. ಅಲ್ಲಿವರೆಗೆ ಎದೆಹಾಲೇ ಕೊಡಿ. ಯಾರು ಎಷ್ಟೇ ಹೇಳಲಿ, ರಾಗಿ ಮಣ್ಣಿ ಆರು ತಿಂಗಳು ತುಂಬಿದ ಮೇಲೆ.