ಮಂಕಿ ಐಲ್ಯಾಂಡ್ ಮೇಲೋ ಫೈನಲ್ ಫ್ಯಾಂಟಸಿ ಮೇಲೋ: ತುಮಕೂರಿನ ನಮ್ಮ ಗೆಳೆಯರ ಈ ವಾದ ಯಾಕೆ ಬಗೆಹರಿಯಲ್ಲ?

ಎರಡೂ ವಿಡಿಯೊ ಗೇಮ್‌ಗಳೇ, ಆದರೆ ಆಡುವವರಿಂದ ಕೇಳುವ ಗುಣವೇ ಬೇರೆ, ಅದಕ್ಕೇ ಬಗೆಹರಿಯಲ್ಲ. ಮಂಕಿ ಐಲ್ಯಾಂಡ್‌ನಂಥ ಅಡ್ವೆಂಚರ್ ಆಟದಲ್ಲಿ, ಅಂದರೆ ಒಗಟು ಬಿಡಿಸುತ್ತಾ ಕಥೆಯಲ್ಲಿ ಮುಂದೆ ಸಾಗುವ ಆಟದಲ್ಲಿ, ಚುರುಕಾಗಬೇಕಾದ್ದು ಆಡುವವರ ತಲೆ. ಫೈನಲ್ ಫ್ಯಾಂಟಸಿಯಂಥ ರೋಲ್ ಪ್ಲೇಯಿಂಗ್ ಆಟದಲ್ಲಿ ಬಲಿಯುವುದು ನಾವು ಆಡಿಸುವ ಪಾತ್ರ.

1990ರ ಮಂಕಿ ಐಲ್ಯಾಂಡ್‌ನಲ್ಲಿ ಹೊಟ್ಟೆಯ ನಡುವೆ ರಾಟೆ ಇರುವ ರಬ್ಬರ್ ಕೋಳಿಯೊಂದು ಸಿಗುತ್ತದೆ. ಅದನ್ನು ತಂತಿಗೆ ಸಿಕ್ಕಿಸಿ ಪಕ್ಕದ ನಡುಗಡ್ಡೆಗೆ ಜಾರಬೇಕು. ಹೊಳೆಯುವವರೆಗೂ ದಾರಿಯಿಲ್ಲ; ಹೊಳೆದ ಗಳಿಗೆಯ ಖುಷಿ ಮಾತ್ರ ಬೇರೆಲ್ಲೂ ಸಿಗದು. 1987ರ ಫೈನಲ್ ಫ್ಯಾಂಟಸಿಯಲ್ಲಿ ಸೋತರೆ, ಊರಾಚೆ ಸಣ್ಣಪುಟ್ಟ ರಾಕ್ಷಸರ ಜೊತೆ ಕಾದಾಡಿ, ಅನುಭವದ ಅಂಕವನ್ನೂ ಹಣವನ್ನೂ ಕೂಡಿಸಿ, ಒಳ್ಳೆಯ ಕತ್ತಿ ಕೊಂಡು ಮತ್ತೆ ಹೋಗಬಹುದು. ಅಲ್ಲಿ ತಾಳ್ಮೆಯೇ ಬಂಡವಾಳ.

ಗುಬ್ಬಿ ಗೇಟ್ ಹತ್ತಿರದ ಸೈಬರ್ ಸೆಂಟರಿನಲ್ಲಿ ಆ ಕೋಳಿಯ ಮುಂದೆ ಎರಡು ಸಂಜೆ ಕಳೆದವನು ನಾನು. ನನ್ನ ಓಟು ಮಂಕಿ ಐಲ್ಯಾಂಡಿಗೇ.