ಕ್ರಾಸ್ ಕಂಟ್ರಿ ದಿನ ಎಲ್ಲಿ ನಿಂತ್ಕೋಬೇಕು?

ಪ್ರಶ್ನೆ: ಇಂಗ್ಲೆಂಡಿನ ಬ್ಯಾಡ್ಮಿಂಟನ್ ಅನ್ನೋ ಊರಲ್ಲಿ ನಡೆಯೋ ಕುದುರೆ ಸ್ಪರ್ಧೆ ನೋಡೋಕೆ ಮೊದಲ ಸಲ ಹೋಗ್ತಿದೀನಿ. ಕ್ರಾಸ್ ಕಂಟ್ರಿ ದಿನ, ಅಂದ್ರೆ ಕುದುರೆಗಳು ಸವಾರರ ಜೊತೆ ಬಯಲಲ್ಲಿ ಬೇಲಿಗಳನ್ನ ಹಾರ್ತಾ ಓಡೋ ದಿನ, ಒಂದೇ ಕಡೆ ನಿಂತ್ರೆ ಸಾಕಾ, ಓಡಾಡ್ಬೇಕಾ?

ಉತ್ತರ: ಓಡಾಡಿ ಸರ್, ಖಂಡಿತ ಓಡಾಡಿ. ಒಂದೇ ಕಡೆ ನಿಂತ್ರೆ ಅಲ್ಲಿನ ಬೇಲಿ ಮಾತ್ರ ಕಾಣತ್ತೆ. ಕುದುರೆ ನೀರಿಗೆ ಹಾರೋ ಬೇಲಿ ಹತ್ರ ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ, ಮೊದಲು ನೆಲ ದಬದಬ ಅನ್ನೋದು ಕಾಲಿಗೇ ಗೊತ್ತಾಗತ್ತೆ, ಆಮೇಲೆ ಬುಸುಬುಸು ಉಸಿರು, ಕುದುರೆ ಕಿವಿ ಎರಡೂ ಮುಂದೆ ನೆಟ್ಟಗಿದ್ರೆ ಅದು ಹಾರೋಕೆ ರೆಡಿ ಅಂತ್ಲೇ ಅರ್ಥ. ನೀರಿಗೆ ಇಳಿಯೋವಾಗ ಸವಾರರು ಹಿಂದಕ್ಕೆ ವಾಲಿ ಲಗಾಮನ್ನ ಬೆರಳ ಸಂದಿಯಿಂದ ಜಾರೋಕೆ ಬಿಡ್ತಾರೆ, ಕುದುರೆ ಕತ್ತು ಚಾಚ್ಲಿ ಅಂತ, ಆ ಒಂದು ಕ್ಷಣದ ನಂಬಿಕೆ ನೋಡೋಕೇ ನಾನಂತೂ ಎಷ್ಟು ದೂರ ಬೇಕಾದ್ರೂ ನಡೀತೀನಿ!

ದಾರಿ ದಾಟೋವಾಗ ಸೀಟಿ ಕೇಳಿದ್ರೆ ಅಲ್ಲೇ ನಿಂತ್ಬಿಡಿ, ಕುದುರೆ ಬರ್ತಿದೆ ಅಂತ.