ಮಲಾವಿಯ ಗುಂಪು ಸಾಲ: ಜನವರಿಯಲ್ಲೇ ಕಂತು ನಿಲ್ಲುವುದೇಕೆ?

ನೀವು ಮಲಾವಿಯ ಹಳ್ಳಿಗಳಲ್ಲಿ ಗುಂಪು ಸಾಲ ನೋಡಿಕೊಳ್ಳುವವರು; ಅಕ್ಟೋಬರ್‌ವರೆಗೆ ಕಂತು ಸರಿಯಾಗಿ ಕಟ್ಟುವ ಗುಂಪುಗಳು ಜನವರಿಗೆ ನಿಲ್ಲಿಸುತ್ತವೆ, ಏಕೆ ಎಂದು ಕೇಳಿದ್ದೀರಿ. ಅವರ ಮನಸ್ಸು ಕೆಟ್ಟಿಲ್ಲ, ಬಹುಶಃ ಕಂತಿನ ದಿನವೇ ತಪ್ಪಾಗಿದೆ. ಮಲಾವಿಯಲ್ಲಿ ಹೆಚ್ಚಿನವರಿಗೆ ಮಳೆ ನಂಬಿದ ಒಂದೇ ಬೆಳೆ. ಮೆಕ್ಕೆಜೋಳ ಕೈಗೆ ಬರುವುದು ಏಪ್ರಿಲ್ ಹೊತ್ತಿಗೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮನೆಯಲ್ಲಿ ಕಾಳು ಖಾಲಿ, ಕೊಂಡು ತಿನ್ನೋಣ ಅಂದರೆ ಬೆಲೆ ಏರಿರುತ್ತದೆ. ಆಗ ಕಂತಿಗೆ ಎಲ್ಲಿಂದ ತರಬೇಕು, ಅಲ್ವಾ?

ಮೊದಲು ಪ್ರತಿ ಗುಂಪು ಕಂತು ತಪ್ಪಿಸಿದ ತಿಂಗಳು, ಬೆಳೆ ಮಾರಿದ ತಿಂಗಳು ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಸಂತೆ ವ್ಯಾಪಾರದವರನ್ನು ಬೇರೆ ಮಾಡಿ, ಅವರಿಗೆ ತಿಂಗಳ ಕಂತೇ ಸರಿ. ಬೇಸಾಯದವರ ಅಸಲನ್ನು ಸುಗ್ಗಿಯ ನಂತರಕ್ಕೆ ಸರಿಸಲು ಶಾಖೆಯಲ್ಲಿ ಕೇಳಿ. ‘ಬ್ಯಾಂಕ್ ಮ್ಖೋಂಡೆ’ಯಲ್ಲೂ, ಅಂದರೆ ಊರವರೇ ಹಣ ಕೂಡಿಟ್ಟು ಸಾಲ ಕೊಡುವ ಜಗಲಿ ಬ್ಯಾಂಕಿನಲ್ಲೂ, ಸಾಲ ಇದೆಯಾ ಎಂದು ಮೆಲ್ಲಗೆ ವಿಚಾರಿಸಿ. ಅಕ್ಕಪಕ್ಕದವರ ದುಡ್ಡು ಅದು, ಜನ ಮೊದಲು ಅದನ್ನೇ ತೀರಿಸುತ್ತಾರೆ.

ಆಮೇಲೆ ಉಳಿತಾಯ. ಇದನ್ನು ಬಿಡಬೇಡಿ. 2009ರಲ್ಲಿ ಅಪಾರ್ಚುನಿಟಿ ಬ್ಯಾಂಕ್ ಆಫ್ ಮಲಾವಿ ತಂಬಾಕು ಮಾರಿದ ಹಣ ನೇರ ರೈತರ ಉಳಿತಾಯ ಖಾತೆಗೆ ಬೀಳುವಂತೆ ಮಾಡಿ ನೋಡಿತ್ತು. ಆ ಅವಕಾಶ ಸಿಕ್ಕವರು ಮುಂದಿನ ಬಿತ್ತನೆಗೆ ಜಾಸ್ತಿ ಖರ್ಚು ಮಾಡಿದರು, ಇಳುವರಿಯೂ ಹೆಚ್ಚಿತು. ನಿಮ್ಮವರಿಗೂ ಸುಗ್ಗಿಯಲ್ಲೇ ಖಾತೆ ತೆರೆಸಿ.

ಬಾಕಿ 2024ರ ಬರದ ವರ್ಷದ್ದು ಮಾತ್ರ ಆಗಿದ್ದರೆ ಕಾರಣ ಬೇರೆ ಇರಬಹುದು. ಆಗ ದಿನ ಬದಲಿಸಿದರೆ ಸಾಲದು, ಇನ್ನೊಂದು ಸುಗ್ಗಿಯವರೆಗೆ ಅವಧಿಯನ್ನೇ ಕೇಳಿ.